ಬಿಚ್ಚಗೊಡದ ಪೆಟ್ಟಿಗೆ

ಹುಬ್ಬಳ್ಳಿ-ಧಾರವಾಡಗಳ ನಡುವಿನ ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ಟಿ.ವಿ.ಯ ಕೆಳಗಿನ ಕಟ್ಟಿಗೆಯ ಮಣೆಯ ಮೇಲೆ, ಕಂಪ್ಯೂಟರ್ ಪೆಟ್ಟಿಗೆಯೊಂದು ಬಹಳ ವರ್ಷ ಅಡ್ಡಲಾಗಿ ಮಲಗಿತ್ತು. ಅದರ ಮುಚ್ಚಳಕ್ಕೆ ನಾಲ್ಕು ಸ್ಕ್ರೂಗಳು. ಆ ನಾಲ್ಕನ್ನು ಬಿಚ್ಚಿ ಒಳಗೆ ನೋಡುತ್ತೇನೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಸಲ ಕೇಳಿದ್ದ. ಎರಡು ಸಲವೂ ನಾನು ಬೇಡವೆಂದೆ. ಬಿಚ್ಚಗೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಸಂಗತಿ ಅದು. ಕೊಡದೆ ಹೋದುದರಿಂದ ಅವನು ಕಳೆದುಕೊಂಡದ್ದೇನು, ನಾನು ಮಾಡಿದ್ದೇನು ಎಂಬುದನ್ನು ಕ್ರಮವಾಗಿ ಬರೆದಿಡುತ್ತೇನೆ. ಕ್ರಮ ತಪ್ಪಿದರೆ ನನ್ನ ಪಾಲಿನ ತಪ್ಪು ಕಡಿಮೆಯಾಗಿ ಕಾಣುವ ಅಪಾಯವಿದೆ.

ಆಗ ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಕನ್ನಡದ ಮಾಸ್ತರನಾಗಿದ್ದೆ. ಕೆಂಪು ಶಾಯಿಯ ಪೆನ್ನಿಲ್ಲದೆ ಮದುವೆಯ ಕರೆಯೋಲೆಯನ್ನೂ ಓದುತ್ತಿರಲಿಲ್ಲವೆಂದು ಸಹೋದ್ಯೋಗಿಗಳು ನಗುತ್ತಿದ್ದರು. ಅದು ನಿಜವೇ ಆಗಿದ್ದುದರಿಂದ ನನಗೆ ಬೇಸರವೂ ಆಗುತ್ತಿರಲಿಲ್ಲ. ನಾನು ಹೇಳುತ್ತಿರುವ ವಿದ್ಯಾರ್ಥಿ ತೊಂಬತ್ತರ ದಶಕದ ಆರಂಭದಲ್ಲಿ ನನ್ನ ತರಗತಿಯಲ್ಲಿದ್ದವನು. ಹಳೇ ಹುಬ್ಬಳ್ಳಿಯಲ್ಲಿ ರೇಡಿಯೋ ದುರಸ್ತಿಯ ಅಂಗಡಿಯಿಟ್ಟಿದ್ದ ಮುಸಲ್ಮಾನರೊಬ್ಬರ ಮಗ. ಮಾತನಾಡಿದ ಹಾಗೆಯೇ ಬರೆಯುತ್ತಿದ್ದ. ಅವನ ವಹಿ ನನ್ನ ಕೈಯಿಂದ ಹಿಂದಿರುಗುವಾಗ ಕೆಂಪಗೆ ಕುಂಕುಮದ ಹರಿವಾಣದಂತಿರುತ್ತಿತ್ತು. ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ ಕನ್ನಡವೊಂದಕ್ಕೆ ಎರಡನೆಯ ಸಲ ಕುಳಿತ. ಅಷ್ಟಾದರೂ ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಪ್ರತಿವರ್ಷ ವಿಜಯದಶಮಿಯ ಸಂಜೆ ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಬಂದು, ಎರಡೂ ಕೈಯಿಂದ ಬನ್ನಿಯ ಎಲೆ ಕೊಟ್ಟು, ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರೀ ಸರ" ಎನ್ನುತ್ತಿದ್ದ. ನಮ್ಮ ಕಡೆಯ ರೂಢಿ ಅದು. ಚಿಕ್ಕವರು ದೊಡ್ಡವರ ಮನೆಗೆ ಹೋಗಿ ಆ ಎಲೆಯನ್ನು ಬಂಗಾರವೆಂದು ಕೊಡುತ್ತಾರೆ. ವರ್ಷದಲ್ಲಿ ಮನಸ್ಸಿಗೆ ಆದ ನೋವನ್ನು ಅಲ್ಲಿಗೆ ಬಿಡುತ್ತಾರೆ.

ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ಅವನು ತಂದೆಯ ಅಂಗಡಿಯಲ್ಲೇ ಕಂಪ್ಯೂಟರ್ ಜೋಡಿಸುವ ಕೆಲಸ ಹಿಡಿದಿದ್ದ. ನನ್ನ ಬಳಿ ಸಂಗೀತದ ಬೈಠಕ್ಕುಗಳ ಕ್ಯಾಸೆಟ್ಟುಗಳು ರಾಶಿಯಾಗಿದ್ದವು; ಮಳೆಗಾಲದ ತೇವಕ್ಕೆ ಅವುಗಳ ಪಟ್ಟಿಯ ಮೇಲೆ ಬಿಳಿಯ ಬೂಸು ಹಿಡಿಯತೊಡಗಿತ್ತು. ಅವನ್ನೆಲ್ಲ ಕಂಪ್ಯೂಟರಿಗೆ ತುಂಬಿ, ಟಿ.ವಿ.ಗೂ ಹಳೆಯ ಸ್ಪೀಕರುಗಳಿಗೂ ಜೋಡಿಸಿ ಕೇಳುವ ಏರ್ಪಾಡನ್ನು ಅವನೇ ಮಾಡಿಕೊಟ್ಟ. ಒಂದು ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಎರಡನೆಯದನ್ನು ಕೂಡಿಸಿದ.

ತೊಂದರೆ ಸದ್ದಿನದು. ಡಿಸ್ಕುಗಳು ತಿರುಗುವಾಗ ಇಡೀ ತಗಡಿನ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ವಿಲಂಬಿತದ ಆಲಾಪದಲ್ಲಿ ಗಾಯಕರು ಉಸಿರು ಹಿಡಿದು ಷಡ್ಜಕ್ಕೆ ಬಂದು ನಿಲ್ಲುವ ಜಾಗದಲ್ಲೇ ಒಳಗಿನಿಂದ ಚರಚರ ಸದ್ದು ಕೇಳುತ್ತಿತ್ತು. ನಾನು ಒಂದು ವಹಿ ಮಾಡಿ, ಯಾವ ಹೊತ್ತಿನಲ್ಲಿ, ಯಾವ ಡಿಸ್ಕಿನ ಹಾಡು ಬರುವಾಗ, ಎಂತಹ ಸದ್ದು ಎಂದು ಅಂಕಣ ಹಾಕಿ ಬರೆಯತೊಡಗಿದೆ.

"ನಾಳೆ ನಾ ಕೆಮ್ಮಿದ್ರ ಅದಕ್ಕೂ ಒಂದು ವಹಿ ಇಡ್ತೀರೇನ್ರಿ?" ಎಂದು ಹೆಂಡತಿ ಕೇಳಿದಳು.

ಅವನು ಬಂದು ಆ ವಹಿಯನ್ನು ನಗದೆ, ಕೊನೆಯವರೆಗೆ ಓದಿದ. ಮರುವಾರ ಸೈಕಲ್ಲಿನ ಹಳೆಯ ಟ್ಯೂಬು ತಂದು, ಕಂಪಾಸಿನಿಂದ ಗೆರೆ ಎಳೆದು, ಕಾಸಿನಗಲದ ರಬ್ಬರು ಬಿಲ್ಲೆಗಳನ್ನು ಕತ್ತರಿಸಿದ. ಒಂದೊಂದು ಸ್ಕ್ರೂವಿಗೂ ಎರಡೆರಡು ಬಿಲ್ಲೆ ಪೋಣಿಸಿ, ಡಿಸ್ಕು ಎಲ್ಲಿಯೂ ತಗಡಿಗೆ ತಾಗದಂತೆ ತೂಗಿಸಿ ಕೂಡಿಸಿದ. ಡಿಸ್ಕಿಗೂ ತಗಡಿಗೂ ನಡುವೆ ಒಂದು ತೆಳ್ಳನೆಯ ಸಂದು ಉಳಿಯಿತು.

"ಈಗ ಹಚ್ಚಿ ನೋಡ್ರೀ ಸರ."

ಹಚ್ಚಿದೆ. ತಂಬೂರಿಯ ನಾಲ್ಕೂ ತಂತಿಗಳು ಬೇರೆ ಬೇರೆಯಾಗಿ ಕೇಳಿದವು. ಅರ್ಧ ತಾಸು ನಾವು ಮೂವರೂ ಕೇಳುತ್ತ ಕುಳಿತೆವು. ಅವನು ಹೊರಡುವಾಗ ಕೊಟ್ಟ ಬಿಲ್ಲಿನಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಕೆಂಪು ಪೆನ್ನಿನಿಂದ ತಿದ್ದಿ ಅವನಿಗೆ ತೋರಿಸಿದೆ. ಆ ಕೆಲಸಕ್ಕೆ ನಾನು ಹೇಳಿದ ಮೆಚ್ಚುಗೆಯ ಮಾತು ಏನೆಂದು ನೆನಪಿಗೆ ಬರುತ್ತಿಲ್ಲ. ಹೇಳಿರಲಿಕ್ಕಿಲ್ಲ.

ಅದೇ ವರ್ಷ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಮಾಡಬೇಕೆಂದು ನಿಶ್ಚಯವಾಯಿತು. ಯಂತ್ರಗಳನ್ನು ಯಾರಿಂದ ಕೊಳ್ಳಬೇಕೆಂದು ತೀರ್ಮಾನಿಸಲು ಮುಖ್ಯೋಪಾಧ್ಯಾಯರು, ಗಣಿತದ ಮಾಸ್ತರರು ಮತ್ತು ನಾನು, ಹೀಗೆ ಮೂವರ ಸಮಿತಿ. ಅವನ ಹೆಸರನ್ನು ಸೂಚಿಸಿದವನು ನಾನೇ. ಸುದ್ದಿ ತಿಳಿದ ದಿನ ಅವನು ಫೋನಿನಲ್ಲಿ ಖರೇನೇ ಎಂದು ಮತ್ತೆ ಮತ್ತೆ ಕೇಳಿದ. ಆಮೇಲೆ, "ಸರ, ನಾ ಕನ್ನಡದಾಗ ಡುಮ್ಕಿ ಹೊಡದ ಸಾಲ್ಯಾಗ ನನ್ನ ಕೈಯಾಗಿನ ಮಷೀನ್ ಕುಂದರ್ತಾವಂದ್ರ, ನಮ್ಮಪ್ಪಗ ಹೇಳಿದ್ರ ನಂಬೂದಿಲ್ರಿ" ಎಂದ. ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಹಳೆಯ ರೇಡಿಯೋಗಳನ್ನೆಲ್ಲ ತೆಗೆಸಿ, ಗೋಡೆಗುಂಟ ಹಲಗೆ ಹೊಡೆಸುತ್ತಿದ್ದೇನೆಂದೂ ಹೇಳಿದ. ದೀಪಾವಳಿಯ ಮುಂಚೆ ಸಮಿತಿಯ ಕೊನೆಯ ಸಭೆ ಇತ್ತು.

ನಡುವೆ ದಸರೆ ಬಂದಿತು. ಖಂಡೇಪೂಜೆಯ ದಿನ ನಮ್ಮ ಮನೆಯಲ್ಲಿ ಈಳಿಗೆಯಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲವಕ್ಕೂ ಪೂಜೆಯಾಗುತ್ತದೆ. ಆ ವರ್ಷ ಕಂಪ್ಯೂಟರಿಗೆ ನಾನೇ ವಿಶೇಷ ಆಸ್ಥೆಯಿಂದ ಪೂಜೆ ಮಾಡಿದೆ. ವಿಭೂತಿ ಎಳೆದೆ, ಕುಂಕುಮವಿಟ್ಟೆ, ಚೆಂಡುಹೂವಿನ ಮಾಲೆ ಹಾಕಿದೆ. ಮಂತ್ರದ ಉಚ್ಚಾರದಲ್ಲಿ ಲೋಪವಾಗದಂತೆ ಹೇಳಿ, ಒಂದು ಹಿಡಿ ಅಕ್ಷತೆಯನ್ನು, ಅರಿಸಿನ ಹಚ್ಚಿದ ಅಕ್ಕಿಯ ಕಾಳುಗಳನ್ನು, ಮುಚ್ಚಳದ ಮೇಲೆ ಹಾಕಿದೆ. ಆ ಮುಚ್ಚಳದಲ್ಲಿ ಬಿಸಿಗಾಳಿ ಹೋಗಲೆಂದು ಕೊರೆದ ಉದ್ದನೆಯ ಸೀಳುಗಳಿದ್ದವು. ನಾನು ಅವನ್ನು ದಿನವೂ ಒರೆಸುತ್ತಿದ್ದೆ. ಅಂದು ಅವು ನನ್ನ ಕಣ್ಣಿಗೆ ಬೀಳಲಿಲ್ಲ.

ಪೂಜೆಯ ದಿನ ಯಂತ್ರವನ್ನು ಹಚ್ಚಲಿಲ್ಲ. ಮರುದಿನ, ವಿಜಯದಶಮಿಯ ಬೆಳಿಗ್ಗೆ, ಹೂವಿನ ಮಾಲೆ ಇದ್ದ ಹಾಗೆಯೇ ಹಾಡು ಹಚ್ಚಿದೆ. ಎರಡನೆಯ ಡಿಸ್ಕು ತಿರುಗಿದ ಕೂಡಲೇ ಒಳಗಿನಿಂದ ಗರ್ರ್ ಎಂಬ, ಅದುವರೆಗೆ ಎಂದೂ ಕೇಳದಿದ್ದ ಸದ್ದು ಬಂದಿತು. ಡಿಸ್ಕು ನಿಂತಾಗ ಸದ್ದೂ ನಿಲ್ಲುತ್ತಿತ್ತು. ಮೊದಲನೆಯ ಡಿಸ್ಕಿನ ಹಾಡು ಹಚ್ಚಿದರೆ ಸದ್ದಿಲ್ಲ. ಸಂಜೆಯೊಳಗೆ ಹನ್ನೆರಡು ಸಲ ಪರೀಕ್ಷಿಸಿ ವಹಿಯಲ್ಲಿ ಬರೆದೆ. ಎರಡನೆಯ ಡಿಸ್ಕು ಹೊಸದಲ್ಲ. ಎಲ್ಲಿಯೋ ಉಪಯೋಗಿಸಿ ಬಿಟ್ಟುದನ್ನು ಹೊಸದೆಂದು ಕೂಡಿಸಿದ್ದಾನೆ. ಇದು ನಾನು ಕೆಳಗೆ ಗೆರೆ ಎಳೆದು ಬರೆದ ತೀರ್ಮಾನ.

ಅಂದು ಸಂಜೆ ಅವನು ಬನ್ನಿ ಹಿಡಿದುಕೊಂಡು ಬಂದ. ಎಲೆ ತೆಗೆದುಕೊಂಡ ಕೈ ಹಿಂದಕ್ಕೆ ಬರುವ ಮೊದಲೇ ನಾನು, "ನಿನ್ನ ಡಿಸ್ಕ್ ಗರ್ ಅನ್ನಾಕತ್ತೈತಿ ನೋಡು" ಎಂದೆ.

ಅವನು ಮಂಡಿಯೂರಿ ಕುಳಿತು ಕಿವಿಯನ್ನು ಪೆಟ್ಟಿಗೆಯ ಮಗ್ಗುಲಿಗೆ ಹಚ್ಚಿದ. ಮುಚ್ಚಳದ ಮೇಲಿನ ಹೂವನ್ನೂ ಕಾಳುಗಳನ್ನೂ ನೋಡಿದ. ನನ್ನ ಕಡೆ ಒಂದು ಸಲ ನೋಡಿದ.

"ಇದು ಡಿಸ್ಕಿನ ಆವಾಜ್ ಅಲ್ರೀ ಸರ. ಡಿಸ್ಕ್ ಕೆಟ್ರ ಕಟಕ್ ಕಟಕ್ ಅಂತೈತಿ. ಒಳಗ ಏನೋ ತಗಲ್ಯಾಡಾಕತ್ತೈತಿ. ಬಿಚ್ಚಿ ನೋಡಲೇನ್ರಿ?"

"ಇವತ್ತ ಬ್ಯಾಡ. ಪೂಜಾ ಆಗಿದ್ದು ಇನ್ನೂ ಕದಲಿಸಿಲ್ಲ."

ಪೂಜಿಸಿದ ಆಯುಧವನ್ನು ಕದಲಿಸುವವರೆಗೆ ಬಿಚ್ಚಬಾರದು, ಆದರೆ ಹಾಡು ಕೇಳಬಹುದು: ಈ ಭೇದವನ್ನು ಯಾವ ಶಾಸ್ತ್ರವೂ ಮಾಡಿಲ್ಲ, ನಾನೇ ಆ ಕ್ಷಣಕ್ಕೆ ಮಾಡಿದ್ದು. ಅವನು ಎದ್ದ.

ಎಂಟು ದಿನದ ಮೇಲೆ ಅಂಗಡಿ ಮುಚ್ಚಿಕೊಂಡು, ಕೈಚೀಲದಲ್ಲಿ ಸಾಮಾನು ಹಿಡಿದು ಬಂದ. ಸ್ಕ್ರೂ ಡ್ರೈವರ್ ತೆಗೆದು ಮುಚ್ಚಳದ ಮೇಲೆ ಇನ್ನೊಂದು ಕೈ ಇಟ್ಟಿದ್ದ. ನಾನು ತಡೆದೆ.

"ನೀ ಬಿಚ್ಚಿದ ಮ್ಯಾಲೆ ಯಾವ ಡಿಸ್ಕ್ ತಗದಿ, ಯಾವುದು ಹಾಕಿದಿ, ನನಗ ಹೆಂಗ ತಿಳೀಬೇಕು?"

ಮುಚ್ಚಳದ ಮೇಲಿದ್ದ ಅವನ ಕೈ ಮೆಲ್ಲಗೆ ಕೆಳಗಿಳಿಯಿತು.

"ನೀವು ಇಲ್ಲೇ ಕುಂತು ನೋಡ್ರಲ್ಲಾ ಸರ. ನಿಮ್ಮ ಕಣ್ಣ ಮುಂದನ ಬಿಚ್ಚತೇನಿ."

"ನೋಡಿದ್ರ ನನಗೇನು ತಿಳೀತೈತಿ? ಮೊದಲ ಹೊಸಾ ಡಿಸ್ಕ್ ತಗೊಂಡು ಬಾ. ಆಮ್ಯಾಲೆ ಬಿಚ್ಚು."

"ಅದು ಹೊಸಾದ ಐತ್ರಿ."

ಅಷ್ಟೇ ಹೇಳಿ ಸ್ಕ್ರೂ ಡ್ರೈವರನ್ನು ಚೀಲದಲ್ಲಿಟ್ಟುಕೊಂಡ. ಹೆಂಡತಿ ಚಹಾ ತಂದಳು. ನಿಂತುಕೊಂಡೇ ಕುಡಿದು, ಕಪ್ಪು-ಬಸಿಯನ್ನು ಅವಳ ಕೈಗೇ ಕೊಟ್ಟು, "ಬರ್ತೇನ್ರೀ ಅಕ್ಕಾರ" ಎಂದ. ನನಗೆ ತಲೆಬಾಗಿ ಹೋದ.

"ಒಂದ್ ಸಲ ನೋಡಗೊಟ್ಟಿದ್ರ ಗಂಟ ಏನು ಹೋಗ್ತಿತ್ರಿ?" ಎಂದು ಅವಳು ಕೇಳಿದಳು. ಸಾಕ್ಷ್ಯವನ್ನು ಆರೋಪಿಯ ಕೈಗೆ ಕೊಡಬಾರದೆಂದು ನಾನು ಉತ್ತರಿಸಿದೆ. ಎಷ್ಟು ಚೆನ್ನಾದ ವಾಕ್ಯವೆಂದು ಒಳಗೊಳಗೇ ಸಂತೋಷವೂ ಆಯಿತು.

ಸಮಿತಿಯ ಸಭೆಯಲ್ಲಿ ಮುಖ್ಯೋಪಾಧ್ಯಾಯರು, "ನಿಮ್ಮ ಶಿಷ್ಯಗ ಕೊಡೂಣಲ್ರೀ ಮಾಸ್ತರ?" ಎಂದರು.

"ಬ್ಯಾಡ್ರಿ. ನನ್ನ ಮನ್ಯಾಗ ಹೊಸಾದಂತ ಹೇಳಿ ಹಳೇ ಡಿಸ್ಕ್ ಕೂಡಿಸ್ಯಾನ."

"ಖರೇನ?"

ಗಣಿತದ ಮಾಸ್ತರರು ನಕ್ಕರು. "ಇವ್ರು ಹೇಳಿದ ಮ್ಯಾಲೆ ಮುಗೀತ್ರಿ. ಅಲ್ಪವಿರಾಮ ತಪ್ಪಿದ್ರ ನಿದ್ದಿ ಹತ್ತದ ಮನಿಷ್ಯಾ, ಸುಳ್ಳ ಹೇಳ್ತಾರೇನು?"

"ಬಿಲ್ ಸೈತ ನೆಟ್ಟಗ ಬರಿಯಾಕ ಬರೂದಿಲ್ಲ ಅವಗ" ಎಂದು ನಾನು ಸೇರಿಸಿದೆ. ಯಾರೂ ಕೇಳಿರಲಿಲ್ಲ. ಸಭೆಯ ನಡಾವಳಿಯನ್ನು ಬರೆಯುವ ಕೆಲಸ ಯಾವಾಗಲೂ ನನ್ನದೇ. 'ಸದರಿ ವ್ಯಕ್ತಿಯ ಕುರಿತು ದೂರು ಬಂದಿರುವುದರಿಂದ' ಎಂದು ದುಂಡಗೆ ಬರೆದು, ಎಲ್ಲರ ಸಹಿ ಪಡೆದೆ. ಯಂತ್ರಗಳನ್ನು ಬೇರೆಯವರು ತಂದು ಕೂಡಿಸಿದರು; ಅದರ ಕಾರಣ ಅವನ ಕಿವಿಗೂ ಮುಟ್ಟಿತು.

ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಹೊಡೆಸುವಾಗ ಪೆಟ್ಟಿಗೆಯನ್ನು ಮಣೆಯಿಂದ ಎತ್ತಬೇಕಾಯಿತು. ನಾನೊಂದು ಕಡೆ, ಹೆಂಡತಿಯೊಂದು ಕಡೆ ಹಿಡಿದಿದ್ದೆವು. ಅದು ಅವಳ ಕಡೆಗೆ ವಾಲಿದಾಗ ಹಿಂಬದಿಯ ತೂತಿನಿಂದ ಒಂದು ಹಳದಿಯ ಕಾಳು ನೆಲಕ್ಕೆ ಬಿದ್ದಿತು. ಅದರ ಹಿಂದೆ ಇನ್ನೆರಡು.

ಅವಳು ಕಾಳನ್ನು ನೋಡಿದಳು, ನನ್ನನ್ನು ನೋಡಿದಳು.

ನಾನೇ ನಾಲ್ಕೂ ಸ್ಕ್ರೂಗಳನ್ನು ಬಿಚ್ಚಿದೆ. ಅದು ಎಷ್ಟು ಸುಲಭದ ಕೆಲಸ! ಎರಡನೆಯ ಡಿಸ್ಕಿಗೂ ತಗಡಿಗೂ ನಡುವಿನ ಸಂದಿನಲ್ಲಿ ಅಕ್ಷತೆಯ ಕಾಳುಗಳು ಸಾಲಾಗಿ ಕುಳಿತಿದ್ದವು. ಡಿಸ್ಕು ತಿರುಗಿದಾಗೊಮ್ಮೆ ಅವು ತಗಡಿಗೆ ಬಡಿದು ಗರ್ರ್ ಎನ್ನುತ್ತಿದ್ದವು. ಒಂದೊಂದಾಗಿ ತೆಗೆದು ಎಣಿಸಿದೆ. ನೆಲಕ್ಕೆ ಬಿದ್ದವು ಸೇರಿ ಹನ್ನೊಂದು. ಮುಚ್ಚಳ ಹಾಕಿ ಹಾಡು ಹಚ್ಚಿದೆ. ತಂಬೂರಿಯ ನಾಲ್ಕು ತಂತಿಗಳೂ ಬೇರೆ ಬೇರೆಯಾಗಿ ಕೇಳಿದವು. ಬಂದ್ ಮಾಡಿದೆ.

"ಯಾರು ಹಾಕಿದ್ದಂತ ಈಗ ಗೊತ್ತಾತಲ್ರೀ?" ಎಂದು ಅವಳು ಕೇಳಿದ್ದು ಆಗ.

ಇದರ ಮುಂದಿನ ಭಾಗವೇ ಬರೆಯಲು ಕಷ್ಟವಾದದ್ದು. ತಿಳಿಯದೆ ಮಾಡಿದ ತಪ್ಪಿಗೆ ಏನಾದರೂ ಸಮಾಧಾನವಿರಬಹುದು. ತಿಳಿದ ಮೇಲೆ ನಾನು ಆರು ತಿಂಗಳು ಸುಮ್ಮನಿದ್ದೆ. ಮೊದಲ ದಿನ, ಸಂದು ಬಿಟ್ಟವನು ಅವನೇ ಅಲ್ಲವೇ, ರಬ್ಬರಿನ ಬಿಲ್ಲೆ ಹಾಕದಿದ್ದರೆ ಕಾಳು ಕೂರುತ್ತಲೇ ಇರಲಿಲ್ಲವಲ್ಲ ಎಂದು ಕೂಡ ಯೋಚಿಸಿದೆ. ಆ ಯೋಚನೆ ಒಂದು ಇಡೀ ದಿನ ನನಗೆ ಸರಿಯೆನಿಸಿತ್ತು. ಆಮೇಲೆ ಬೇಸಿಗೆಯ ರಜೆ ಮುಗಿಯಲಿ, ಶಾಲೆ ಶುರುವಾಗಲಿ, ಮೊದಲ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಹೆಂಡತಿ ತಿಂಗಳಿಗೊಮ್ಮೆ "ಹೇಳಿದ್ರೇನ್ರಿ?" ಎನ್ನುತ್ತಿದ್ದಳು. "ಹೇಳತೇನಿ" ಎನ್ನುತ್ತಿದ್ದೆ. ಕಾಳುಗಳನ್ನು ಕಾಗದದಲ್ಲಿ ಮಡಚಿ ಆ ಸದ್ದಿನ ವಹಿಯೊಳಗೇ ಇಟ್ಟಿದ್ದೆ. ತರಗತಿಯಲ್ಲಿ ಹುಡುಗರಿಗೆ, ತಪ್ಪು ಕಂಡ ಕೂಡಲೇ ತಿದ್ದಬೇಕು, ಮರುದಿನಕ್ಕೆ ಇಟ್ಟರೆ ಅದು ಕಣ್ಣಿಗೆ ಸರಿಯಾಗಿ ಕಾಣತೊಡಗುತ್ತದೆ ಎಂದು ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮತ್ತೆ ದಸರೆ ಬಂದಿತು. ವಿಜಯದಶಮಿಯ ಸಂಜೆ ಬಾಗಿಲು ತೆರೆದಿಟ್ಟು ಕುಳಿತೆ. ಓಣಿಯ ಮಕ್ಕಳು ಬಂದರು, ನೆರೆಯವರು ಬಂದರು. ಬೊಗಸೆಯ ತುಂಬ ಬನ್ನಿ ಆಯಿತು. ದೀಪ ಹಚ್ಚುವ ಹೊತ್ತಾದರೂ ಅವನು ಬರಲಿಲ್ಲ. ಆಗ ನಾನು ಎದ್ದು, ಒಂದು ಎಸಳು ಬನ್ನಿಯನ್ನೂ ಕಾಗದದ ಮಡಿಕೆಯನ್ನೂ ಕಿಸೆಯಲ್ಲಿಟ್ಟುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಅಂಗಡಿ ತೆರೆದಿತ್ತು. ಹಿಂದಿನ ಕೋಣೆಯ ಬಾಗಿಲಿನಿಂದ ಹೊಸ ಹಲಗೆಗಳು ಕಾಣುತ್ತಿದ್ದವು. ಅವುಗಳ ಮೇಲೆ ಹಳೆಯ ರೇಡಿಯೋಗಳೇ ಮರಳಿ ಬಂದು ಕುಳಿತಿದ್ದವು. ಅವನು ನನ್ನನ್ನು ಕಂಡು ಎದ್ದು ನಿಂತು, ಸ್ಟೂಲು ಒರೆಸಿ, "ಬರ್ರೀ ಸರ, ಕುಂದರ್ರಿ" ಎಂದ. ನಾನು ಕುಳಿತುಕೊಳ್ಳದೆ ಕಾಗದವನ್ನು ಬಿಚ್ಚಿ ಮುಂದಿಟ್ಟೆ. ಡಿಸ್ಕಿನ ಮಗ್ಗುಲಿಗಿದ್ದವು ಇವು, ನಾನೇ ಹಾಕಿದ್ದು, ಯುಗಾದಿಗೇ ಸಿಕ್ಕಿದ್ದವು ಎಂದು ಮೂರೂ ಮಾತುಗಳನ್ನು ಹೇಳಿದೆ. ಬಸ್ಸಿನಲ್ಲಿ ಅದಕ್ಕಿಂತ ಉದ್ದವಾದದ್ದನ್ನು ಜೋಡಿಸಿಕೊಂಡಿದ್ದೆ, ಬಾಯಿಗೆ ಬರಲಿಲ್ಲ.

ಅವನು ಕಾಳುಗಳನ್ನು ಬೆರಳಿನಿಂದ ಸರಿಸಿ ನೋಡಿದ.

"ಅಕ್ಷತಾನ ಇರಬೇಕಂತ ನನಗ ಅವತ್ತ ಅನಸಿತ್ರೀ ಸರ. ಮುಚ್ಚಳದ ಮ್ಯಾಲೆ ಬಿದ್ದಿದ್ವಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ನಿಮ್ಮ ಪೂಜಾದಿಂದ ಆಗೈತಿ ಅಂತ ನಾ ಹೆಂಗ ಹೇಳ್ಲ್ರಿ? ನನ್ನ ಬಾಯಾಗ ಅದು ಛಲೋ ಕೇಳಸೂದಿಲ್ಲ. ಬಿಚ್ಚಿ ಬಿಟ್ರ ನೀವ ನೋಡ್ತೀರಿ, ನಾ ಹೇಳೂದ ಬ್ಯಾಡ ಅಂತ ಮಾಡಿದ್ದೆ."

ನಾನು ಆ ಸ್ಟೂಲಿನ ಮೇಲೆ ಕುಳಿತೆ. ಕಿಸೆಯಿಂದ ಬನ್ನಿ ತೆಗೆದು ಅವನ ಕಡೆಗೆ ಚಾಚಿದೆ. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಹಂಗ ಕೊಡಬಾರದ್ರಿ. ಬನ್ನಿ ಸಣ್ಣವ್ರು ದೊಡ್ಡವ್ರಿಗೆ ಕೊಡೂದು. ನೀವ ಹೇಳಿಕೊಟ್ಟಿದ್ದು."

ಮೇಜಿನ ಖಾನೆ ಎಳೆದು ಅಲ್ಲಿಂದ ಒಂದು ಎಸಳು ಬನ್ನಿ ತೆಗೆದ. ತಂದಿಟ್ಟಿದ್ದನೆಂದಾಯಿತು, ಕೊಡಲು ಬರಲಿಲ್ಲ, ಅಷ್ಟೇ. ಎರಡೂ ಕೈಯಿಂದ ನನಗೆ ಕೊಟ್ಟು, ಬಾಗಿ ಕಾಲು ಮುಟ್ಟಿದ. ಪ್ರತಿವರ್ಷದ ಮಾತನ್ನು ಮಾತ್ರ ಹೇಳಲಿಲ್ಲ. ಅದರ ಬದಲು ಕೇಳಿದ:

"ಸಾಲ್ಯಾಗ ಹೇಳಿದ್ರೇನ್ರೀ ಸರ?"

"ಇಲ್ಲ."

"ಅಲ್ಲಿ ಹೇಳ್ರಿ. ಕೆಲಸಕ್ಕ ಅಲ್ರಿ, ಅದು ಹೋತು. ನಾ ಕಲ್ತ ಸಾಲಿ ಅದು. ಅಲ್ಲಿ ನನ್ನ ಹೆಸರು ಹಂಗ ಇರಬಾರದು."

ರಜೆ ಮುಗಿದ ಮೊದಲ ವಾರ, ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನಗೆಯೆದ್ದಿತು. "ಮಾಸ್ತರು ಡಿಸ್ಕಿಗೆ ಅಕ್ಕಿಕಾಳು ಹಾಕಿ ಮದುವಿ ಮಾಡಿಸ್ಯಾರ್ರಿ!" ಎಂದರು ಗಣಿತದವರು. "ಆದದ್ದು ಆತು, ಮಷೀನ್ ಬಂದು ವರ್ಷ ಆತು, ಬಿಡ್ರಿ ಇನ್ನ" ಎಂದು ಮುಖ್ಯೋಪಾಧ್ಯಾಯರು ಮುಂದಿನ ವಿಷಯಕ್ಕೆ ಹೋಗಲಿದ್ದರು. ನಡಾವಳಿಯಲ್ಲಿ ಸೇರಿಸದೆ ಕುಳಿತುಕೊಳ್ಳುವುದಿಲ್ಲವೆಂದೆ. ಅವರ ಮುಂದೆಯೇ ಬರೆದೆ: 'ಕಳೆದ ವರ್ಷ ದೂರು ಕೊಟ್ಟವನು ನಾನು. ಆ ದೂರು ಸುಳ್ಳು. ಡಿಸ್ಕು ಹೊಸದಾಗಿಯೇ ಇತ್ತು. ಸದ್ದಿಗೆ ಕಾರಣ ನನ್ನ ಕೈಯಿಂದ ಬಿದ್ದ ಅಕ್ಷತೆ. ಬಿಚ್ಚಿ ತೋರಿಸುತ್ತೇನೆಂದು ಆತ ಎರಡು ಸಲ ಕೇಳಿದಾಗ ನಾನು ಬಿಡಲಿಲ್ಲ.' ಕೆಳಗೆ ಅವನ ಪೂರ್ಣ ಹೆಸರನ್ನೂ ನನ್ನ ಸಹಿಯನ್ನೂ ಹಾಕಿದೆ. ಅಷ್ಟು ಹೊತ್ತಿಗೆ ನಗೆ ನಿಂತಿತ್ತು.

ಅದರ ಪ್ರತಿಯನ್ನು ಅಂಗಡಿಗೆ ಒಯ್ದುಕೊಟ್ಟೆ. ತರಗತಿಯಲ್ಲಿ ಓದುತ್ತಿದ್ದ ಹಾಗೆಯೇ ತುಟಿ ಆಡಿಸುತ್ತ ಓದಿದ. ಎರಡನೆಯ ಸಲ ಓದಿದ. "ಇದು ನನಗ್ಯಾಕ್ರಿ, ಅಲ್ಲಿದ್ರ ಸಾಕು" ಎಂದು ಹಿಂದಿರುಗಿಸಿದ. ಆಮೇಲೆ, ಕೈಯಲ್ಲಿದ್ದ ಕೆಲಸದ ಮೇಲೆ ಕಣ್ಣಿಟ್ಟುಕೊಂಡೇ, "ಈಗರ ಒಂದ್ ಸಲ ಬಿಚ್ಚಗೊಡ್ತೀರೇನ್ರಿ?" ಎಂದ.

ಆ ಭಾನುವಾರ ಮಧ್ಯಾಹ್ನ ಮನೆಗೆ ಬಂದ. ಪೆಟ್ಟಿಗೆಯಲ್ಲಿ ಸದ್ದಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ನಾನು ಪಕ್ಕದಲ್ಲಿ ಕೂರದೆ ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅವನು ನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿಟ್ಟು, ಎರಡೂ ಡಿಸ್ಕುಗಳನ್ನು ಹೊರತೆಗೆದು, ರಬ್ಬರಿನ ಬಿಲ್ಲೆಗಳನ್ನು ಒಂದೊಂದಾಗಿ ಒತ್ತಿ ನೋಡಿದ. ನಾನು ಹನ್ನೊಂದು ಕಾಳು ತೆಗೆದು ಮುಗಿಯಿತೆಂದುಕೊಂಡಿದ್ದ ಆ ಸಂದಿನ ತುದಿಯಲ್ಲಿ, ಬಿಲ್ಲೆಯ ಹಿಂದೆ, ಇನ್ನೊಂದು ಸಿಕ್ಕಿಕೊಂಡಿತ್ತು. ಸ್ಕ್ರೂ ಡ್ರೈವರಿನ ತುದಿಯಿಂದ ಎಬ್ಬಿಸಿ ಅದನ್ನು ಹೊರಗೆ ತೆಗೆದ. ಕರೆದು ನನ್ನ ಅಂಗೈಯಲ್ಲಿಟ್ಟ.

"ಇನ್ನೊಂದಿತ್ತು ನೋಡ್ರೀ ಸರ. ಇದೂ ಒಂದಿನ ಗರ್ ಅಂತಿತ್ತು."

ಮುಚ್ಚಳ ಹಾಕಿ ಬಿಗಿದ. ಹೆಂಡತಿ ಚಹಾ ತಂದಿಟ್ಟಳು. ಈ ಸಲ ಕುಳಿತು ಕುಡಿದ. ನಾನು ಮುಷ್ಟಿಯನ್ನು ಬಿಚ್ಚಲಿಲ್ಲ. ಅವನು ಹೋದ ಮೇಲೂ ಬಹಳ ಹೊತ್ತು ಆ ಕಾಳು ಅಂಗೈಗೆ ಒತ್ತುತ್ತಿತ್ತು.